ಐದನೇ ರೇಡ್

ಆ ವರ್ಷ ನಮ್ಮೂರಿಗೆ ಕಬಡ್ಡಿ ತಂಡ ಅಂತ ಇದ್ದದ್ದು ಮೂರೇ ದಿನ. ಜಾತ್ರೆಯ ಹಿಂದಿನ ಸಂಜೆ ಕೂಡಿತು, ತೇರು ಎಳೆದ ಮರುದಿನ ಬಸ್ ಹತ್ತಿ ಚದುರಿತು.

2016ರ ಏಪ್ರಿಲ್ ಅದು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು, ಹಿಂಗಾರಿಯ ಕಡಲೆ ಗೇಣುದ್ದ ಎದ್ದು ಅಲ್ಲೇ ಒಣಗಿತ್ತು. ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಬರ ಬಂದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆ, ಮಕ್ಕಳು, ಎಮ್ಮೆ ಮುದುಕರ ಕೈಗೆ. ದುಡಿಯುವವರು ಬೆಂಗಳೂರು, ಮಂಗಳೂರು, ಗೋವಾ. ಹೀಗೆ ಗುಳೆ ಹೋದವರು ನೆಂಟರ ಮದುವೆ ತಪ್ಪಿಸಿಯಾರು, ಹನುಮಪ್ಪನ ತೇರು ಮಾತ್ರ ತಪ್ಪಿಸುವುದಿಲ್ಲ. ಅವರು ಊರಿಗೆ ಬಂದಾಗಲೇ ನಮಗೆ ಏಳು ಜನ ಸಿಗುತ್ತಿದ್ದರು.

ಏಳು ಜನರೂ ಎಂಥವರು ಕೇಳಿ. ಎಡ ಕಾರ್ನರ್‌ನವ ಗಂಗಾವತಿ ರೈಸ್ ಮಿಲ್‌ನಲ್ಲಿ ಹಮಾಲಿ. ಅಲ್ಲಿ ಭತ್ತದ ಚೀಲ ಅಂದರೆ 75 ಕೆಜಿ. ಇವನ ತೂಕ 54. ತನಗಿಂತ ಭಾರದ್ದನ್ನು ದಿನವಿಡೀ ಬೆನ್ನ ಮೇಲೆ ಹೊತ್ತವನ ಕೈಗೆ ಒಬ್ಬ ರೇಡರ್‌ನ ಕಾಲು ಸಿಕ್ಕರೆ ಅದು ಸುಲಭಕ್ಕೆ ಬಿಡುವ ಮಾತಲ್ಲ. ನಮ್ಮ ರೇಡರ್ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದವ, ಬೊಂಬಿನ ಮೇಲೆ ನಡೆದೂ ನಡೆದೂ ಪಾದ ಎಲ್ಲಿಟ್ಟರೆ ಬೀಳುವುದಿಲ್ಲ ಅನ್ನುವುದನ್ನು ಕಲಿತಿದ್ದ. ಇನ್ನು ಎರಡು ಕವರ್‌ಗಳಲ್ಲಿ ಒಡಹುಟ್ಟಿದ ಅಣ್ಣ-ತಮ್ಮ. ಅಣ್ಣ ಗಿಣಿಗೇರಿಯ ಕಬ್ಬಿಣದ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಲೇಬರ್, ತಮ್ಮ ಊರಲ್ಲೇ ಒಕ್ಕಲುತನ. ಹೊಲದ ಬದುವಿನ ಜಗಳಕ್ಕೆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಆದರೆ ಕವರ್‌ನವರು ಚೈನ್ ಹಿಡಿಯಬೇಕಾದರೆ ಕೈಗೆ ಕೈ ಕೂಡಿಸಲೇಬೇಕಲ್ಲ! ಅಂಕಣದೊಳಗೆ ಅಣ್ಣ ತಮ್ಮನ ಕೈ ಹಿಡಿದುಕೊಂಡೇ ನಿಂತು ಕ್ಯಾಪ್ಟನ್‌ಗೆ ಹೇಳುತ್ತಿದ್ದ: "ಅವಗ ಹೇಳ್ರಿ, ಕೈ ಬಿಗಿ ಹಿಡೀಲಿ." ತಮ್ಮನೂ ಕ್ಯಾಪ್ಟನ್‌ಗೇ ಹೇಳುತ್ತಿದ್ದ: "ನಾ ಬಿಗೀನ ಹಿಡದೀನಂತ ಹೇಳ್ರಿ."

ಟಿವಿಯಲ್ಲಿ ಆಟ ನೋಡುವವನಿಗೆ ಆಟಗಾರನ ಹೆಸರು ಗೊತ್ತು, ಜರ್ಸಿಯ ನಂಬರ್ ಗೊತ್ತು. ನಮಗೆ ನಮ್ಮ ಏಳು ಜನರಲ್ಲಿ ಯಾರ ಉದ್ರಿ ಕಿರಾಣಿ ಅಂಗಡಿಯಲ್ಲಿ ಎಷ್ಟಿದೆ ಅನ್ನುವುದೂ ಗೊತ್ತಿತ್ತು. ಕೂಗುವಾಗ ಅದೆಲ್ಲ ಗಂಟಲಿಗೆ ಬಂದು ಸೇರುತ್ತದೆ.

ಅಂಕಣದ್ದೇ ಒಂದು ಕಥೆ. ನಮ್ಮೂರಿನ ಅರ್ಧ ನೆಲ ಕಪ್ಪು ಎರಿ, ಅರ್ಧ ಕೆಂಪು ಮಸಾರಿ. ಎರಿ ನೆಲ ಬೇಸಿಗೆಗೆ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಅದರ ಮೇಲೆ ಕಬಡ್ಡಿ ಆಡಿಸಿದರೆ ಆಸ್ಪತ್ರೆಗೆ ಗಾಡಿ ಮೊದಲೇ ಗೊತ್ತು ಮಾಡಿಟ್ಟಿರಬೇಕು. ಹಾಗಾಗಿ ಗುಡಿಯ ಮುಂದಿನ ಬಯಲಿಗೆ ಟ್ರ್ಯಾಕ್ಟರ್‌ನಲ್ಲಿ ಮಸಾರಿ ಮಣ್ಣು ತಂದೆವು. ನಾನು ಆಡುವವನಲ್ಲ, ಆದರೆ ಜರಡಿ ಹಿಡಿದು ಹರಳು ತೆಗೆಯುವವರಲ್ಲಿ ಇದ್ದೆ. ಮಣ್ಣಿನಲ್ಲಿ ಭತ್ತದ ಹೊಟ್ಟು ಕಲಸಿ, ನೀರು ಹೊಡೆದು, ಹದಕ್ಕೆ ಬಂದಮೇಲೆ 13 ಮೀಟರ್ ಉದ್ದ, 10 ಮೀಟರ್ ಅಗಲ ಅಳೆದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆವು. ಹೊಟ್ಟು ಬಂದದ್ದು ಗಂಗಾವತಿಯಿಂದ, ಹಮಾಲಿಯ ವಶೀಲಿಯಿಂದ ಬಿಟ್ಟಿಯಾಗಿ. ಕಡೆಗೆ ಫೈನಲ್‌ನಲ್ಲಿ ನಮ್ಮೆದುರು ನಿಂತದ್ದೂ ಗಂಗಾವತಿ ಕಡೆಯ ಒಂದು ಕ್ಯಾಂಪಿನ, ಅಂದರೆ ಕಾಲುವೆ ನೀರಿನ ಆಸರೆಗೆ ಬೆಳೆದ ಹಳ್ಳಿಯ ತಂಡವೇ.

ಬ್ಯಾನರ್‌ನಲ್ಲಿ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ, 55 ಕೆಜಿ ಒಳಗಿನವರಿಗೆ' ಎಂದು ಬರೆಸಿತ್ತು. ಹೊನಲು ಬೆಳಕು ಅಂದರೆ ಬೊಂಬಿಗೆ ಕಟ್ಟಿದ ಟ್ಯೂಬ್‌ಲೈಟುಗಳು ಮತ್ತು ಅವುಗಳಿಗೆ ಮುತ್ತಿದ ಹುಳ. ಪ್ರಥಮ ಬಹುಮಾನ 10,001 ರೂಪಾಯಿ, ದ್ವಿತೀಯ 5,001, ಜೊತೆಗೆ ಢಾಲು. ತೂಕ ನೋಡಲು ರೇಷನ್ ಅಂಗಡಿಯ ಕಾಟಾ ತಂದಿಟ್ಟಿದ್ದರು. ನಮ್ಮ ರೇಡರ್ ಹತ್ತಿ ನಿಂತ. 56 ಮತ್ತು ಚೂರು. ಊರೆಲ್ಲ ಮಾದ್ಲಿ, ಹೋಳಿಗೆ ಉಣ್ಣುವ ದಿನ ಅವನೊಬ್ಬ ಬಿರುಬಿಸಿಲಲ್ಲಿ ಕಂಬಳಿ ಹೊದ್ದು ಕೆರೆಯ ಏರಿ ಮೇಲೆ ಓಡಿದ. ನೀರು ಸಹ ಕುಡಿಯಲಿಲ್ಲ. ಕೂದಲು ತೆಗೆಸಿದ. ಅವರವ್ವ ಗುಡಿಯ ಕಟ್ಟೆಗೆ ಬಂದು ಕಮಿಟಿಯವರನ್ನು ಹಿಡಿದು ಬೈದಳು: "ವರ್ಷಕ್ಕೊಮ್ಮೆ ಬಂದ ಮಗನ್ನ ಉಪಾಸ ಕೆಡವೀರಲ್ಲೋ, ನಿಮ್ಮ ಕಾಟಾಕ್ಕ ಬೆಂಕಿ ಹಚ್ಲಿ!" ಸಂಜೆಗೆ ಕಾಟಾ ಸರಿಯಾಗಿ 55 ತೋರಿಸಿತು. ಬಲ ಕಾರ್ನರ್‌ನವನಿಗೆ ತೂಕದ ಚಿಂತೆಯೇ ಇರಲಿಲ್ಲ. ಕಾಟಾದಿಂದ ಇಳಿದವನೇ ಮನೆಗೆ ಹೋಗಿ ಆರು ಹೋಳಿಗೆ, ಮೇಲೊಂದು ಚೆಂಬು ಹಾಲು ಹೊಡೆದು ಬಂದ. ಇದರ ಫಲ ಮುಂದೆ ಬರುತ್ತದೆ.

ಪ್ರೊ ಕಬಡ್ಡಿ 2014ರಲ್ಲಿ ಶುರುವಾಗಿ ಅಷ್ಟೊತ್ತಿಗೆ ಮೂರು ಸೀಸನ್ ಮುಗಿದಿದ್ದವು. ಅದಕ್ಕೂ ಮೊದಲು ನಮ್ಮಲ್ಲಿ ಕಬಡ್ಡಿ ಇರಲಿಲ್ಲವೆಂದಲ್ಲ. ಶಾಲೆಯ ಬಯಲಲ್ಲಿ ಚಡ್ಡಿ ಹರಿಯುವ ತನಕ ಆಡುತ್ತಿದ್ದೆವು. ಟಿವಿಗೆ ಬಂದಮೇಲೆ ಹುಡುಗರ ನಡಿಗೆಯೇ ಬೇರೆಯಾಯಿತು. ಮೂರನೇ ರೇಡ್ ಖಾಲಿ ಬರುವಂತಿಲ್ಲ ಅನ್ನುವ ನಿಯಮ ಹಳ್ಳಿಯ ಟೂರ್ನಮೆಂಟಿಗೂ ಬಂತು. ನಮ್ಮ ಕಾಮೆಂಟರಿಯವನಂತೂ, ಆತ ಮಾಮೂಲಿಗೆ ಆಟೋಕ್ಕೆ ಮೈಕ್ ಕಟ್ಟಿ ಸಿನಿಮಾ, ಸೀರೆ ಅಂಗಡಿ ಪ್ರಚಾರ ಮಾಡುವವ, ಪ್ರತಿಯೊಬ್ಬನಿಗೂ ಒಂದೊಂದು ದೊಡ್ಡ ಹೆಸರು ಅಂಟಿಸುತ್ತಿದ್ದ. ನಮ್ಮ ಹಮಾಲಿ ಆ ರಾತ್ರಿ 'ನಮ್ಮೂರ ಮಂಜೀತ್ ಚಿಲ್ಲರ್'. ನಡುನಡುವೆ ಅದೇ ಉಸಿರಲ್ಲಿ, ತೇರಿನ ಹಾದಿಗೆ ಅಡ್ಡ ನಿಲ್ಲಿಸಿದ ಬೈಕ್ ತೆಗೆಯಬೇಕೆಂಬ ವಿನಂತಿ.

ಕ್ಯಾಂಪಿನವರು ಬಂದದ್ದು ಟಾಟಾ ಏಸ್‌ನಲ್ಲಿ. ಎಲ್ಲರಿಗೂ ಒಂದೇ ನೀಲಿ ಜರ್ಸಿ, ಮೊಣಕಾಲಿಗೆ ಕ್ಯಾಪ್, ಔಷಧದ ಡಬ್ಬಿ ಬೇರೆ. ನಮ್ಮವರು ಮಾಳಿಗೆಯ ಮೇಲಿಂದಲೇ "ನೀರಾವರಿ ಮಂದಿ ಬಂದ್ರು" ಎಂದು ಗದ್ದಲ ಎಬ್ಬಿಸಿದರು. ಆ ಮಾತಿನಲ್ಲಿ ಹಳೆಯ ಹೊಟ್ಟೆಕಿಚ್ಚಿದೆ. ತುಂಗಭದ್ರಾ ಡ್ಯಾಮ್ ಇರುವುದು ನಮ್ಮ ಕೊಪ್ಪಳ ಜಿಲ್ಲೆಯ ಮುನಿರಾಬಾದ್‌ನಲ್ಲೇ. ಎಡದಂಡೆ ಕಾಲುವೆ ಗಂಗಾವತಿಗೆ ಭತ್ತ ಕೊಟ್ಟು ಸಿಂಧನೂರಿನತ್ತ ಹರಿದುಹೋಗುತ್ತದೆ. ಎತ್ತರದಲ್ಲಿರುವ ನಮ್ಮ ಸೀಮೆಗೆ ಅದು ಹತ್ತುವುದಿಲ್ಲ. ಒಂದೇ ಜಿಲ್ಲೆ, ಒಂದೇ ನದಿ, ಅವರದು ಗದ್ದೆ, ನಮ್ಮದು ಆಕಾಶ ನೋಡುವ ಹೊಲ. ಆದರೆ ಆ ಸಲ ಡ್ಯಾಮೂ ತುಂಬಿರಲಿಲ್ಲ. ನಾಟಿ ಇಲ್ಲ, ಕೊಯ್ಲಿಲ್ಲ, ಅವರ ಹುಡುಗರೂ ಖಾಲಿ. ಕೆಲಸವಿಲ್ಲದ್ದಕ್ಕೆ ದಿನಾ ಸಂಜೆ ಪ್ರ್ಯಾಕ್ಟೀಸ್ ಮಾಡಿದ್ದರಂತೆ. ನಮ್ಮವರು ಕೆಲಸ ಹುಡುಕಿ ಊರು ಬಿಟ್ಟದ್ದಕ್ಕೆ ಪ್ರ್ಯಾಕ್ಟೀಸೇ ಇಲ್ಲ. ಎರಡು ಕಡೆಗೂ ಬರ ಒಂದೇ, ಅನುಕೂಲ ಮಾತ್ರ ಅವರಿಗೆ.

ಅಂಪೈರ್ ಆಗಿ ಬಂದವರು ಬೇರೆ ಊರಿನ ಪಿ.ಟಿ. ಮಾಸ್ತರರು. ಆಟಕ್ಕೆ ಮೊದಲು ಮೈಕ್ ಇಸಿದುಕೊಂಡು, 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದಂದಿನಿಂದ ಪುರುಷರ ವಿಭಾಗದಲ್ಲಿ ಏಳಕ್ಕೆ ಏಳೂ ಚಿನ್ನ ಭಾರತಕ್ಕೇ ಬಂದಿವೆ ಎಂದು ಹೇಳಲು ತೊಡಗಿದರು. ಮಂಡಕ್ಕಿ, ಮಿರ್ಚಿ ತಿನ್ನುತ್ತ ಕೂತಿದ್ದ ಮಂದಿ, "ಸರ್, ಎಂಟನೇದ್ದು ಇಲ್ಲೇ ಐತ್ರಿ, ಸೀಟಿ ಊದ್ರಿ" ಅಂದರು.

ಹತ್ತು ಹತ್ತು ನಿಮಿಷದ ಎರಡು ಹಾಫ್. ಮೊದಲರ್ಧ ನಮ್ಮದು. ನಮ್ಮ ರೇಡರ್ ಉಪವಾಸದ ಹೊಟ್ಟೆಯಲ್ಲೇ ಗಾಳಿಯ ಹಾಗೆ ಹೋಗಿಬಂದ, ಎರಡು ಬೋನಸ್ ಕದ್ದ. ಹಮಾಲಿ ಮೂರು ಸಲ ಪಾದ ಹಿಡಿದು ಮೂರೂ ಸಲ ಕೆಡವಿದ. 13-9. ಹೆಂಗಸರು ಕೂತ ಮಾಳಿಗೆಯಿಂದ ಸೀಟಿ ಕೇಳಿಸಿತು. ಯಾರು ಊದಿದರೆಂದು ಇವತ್ತಿಗೂ ಬಯಲಾಗಿಲ್ಲ.

ವಿರಾಮದಲ್ಲಿ ಕ್ಯಾಂಪಿನವರ ಕೋಚ್ ಬಾಯಿ ತೆರೆಯದೆ ನಮ್ಮ ಬಲ ಕಾರ್ನರ್ ಕಡೆ ಗದ್ದ ಎತ್ತಿ ತೋರಿಸಿದ. ಆರು ಹೋಳಿಗೆ ಅಲ್ಲಿ ನಿಂತು ತೇಗುತ್ತಿದ್ದವು. ಅವರಲ್ಲೊಬ್ಬ ಉದ್ದನೆಯ ಹುಡುಗ, ಕೊರಳಲ್ಲಿ ಕರಿದಾರ. ಅವನ ಒಂದು ಕಾಲು ನಡುಗೆರೆಯ ಹತ್ತಿರ ಇದ್ದರೆ ಇನ್ನೊಂದು ನಮ್ಮ ಬಾಕ್ ಲೈನ್ ಮುಟ್ಟಿರುತ್ತಿತ್ತು. ಬರುವುದು, ಬಲಕ್ಕೆ ಕಾಲು ಚಾಚುವುದು, ಹೋಗುವುದು. ಐದು ನಿಮಿಷದೊಳಗೆ ನಮ್ಮ ಪಾಳಿ ಖಾಲಿಯಾಯಿತು. ಲೋನಾ, ಮೇಲೆ ಎರಡು ಪಾಯಿಂಟ್. 17-20.

ಮಂದಿ ತಣ್ಣಗಾದರು. ಆಗ ಕವರ್‌ನ ಅಣ್ಣ ಕ್ಯಾಪ್ಟನ್‌ಗೆ ಹೇಳುವುದನ್ನು ಬಿಟ್ಟು ನೇರ ತಮ್ಮನ ಕಡೆ ತಿರುಗಿ, "ಅವ ಒಳಗ ಬಂದಮ್ಯಾಲ ಮುಚ್ಚಲೇ, ಮೊದಲ ಮುಚ್ಚಬ್ಯಾಡ" ಅಂದ. ಹತ್ತಿರ ಕೂತವರೆಲ್ಲ ಕೇಳಿಸಿಕೊಂಡೆವು. ಮುಂದಿನ ಎರಡು ರೇಡ್‌ನಲ್ಲಿ ಉದ್ದನೆಯ ಹುಡುಗ ಎರಡು ಸಲವೂ ಚೈನ್‌ಗೆ ಬಿದ್ದ. ನಮ್ಮ ರೇಡರ್ ಒಂದೇ ರೇಡ್‌ನಲ್ಲಿ ಇಬ್ಬರನ್ನು ಮುಟ್ಟಿ ಬಂದ. ಕೊನೆಯ ಸೀಟಿ ಊದಿದಾಗ 24-24.

ಸಮ ಆದರೆ ಐದೈದು ರೇಡ್ ಅಂತ ಮಾಸ್ತರರು ಮೈಕ್‌ನಲ್ಲಿ ವಿವರಿಸಿದರು. ಯಾರೂ ಔಟ್ ಆಗಿ ಹೊರಗೆ ಹೋಗುವುದಿಲ್ಲ, ಏಳೂ ಜನ ಕಡೆತನಕ ಒಳಗೇ. ಬಾಕ್ ಲೈನೇ ಬೋನಸ್ ಲೈನ್. ಪಾಯಿಂಟ್ ಮಾತ್ರ ಎಣಿಕೆ. ಅರ್ಧ ಮಂದಿಗೆ ತಿಳಿಯಲಿಲ್ಲ, ತಿಳಿದವರಂತೆ ತಲೆಯಾಡಿಸಿದರು. ಮೊದಲ ರೇಡ್ ನಮ್ಮದು, ಕೊನೆಯದು ಅವರದು. ಒಂಬತ್ತು ರೇಡ್ ಮುಗಿದಾಗ ನಾಲ್ಕು-ನಾಲ್ಕು. ಉಳಿದದ್ದು ಅವರ ಐದನೆಯದು. ಬಂದವ ಅವನೇ, ಉದ್ದನೆಯವ.

ಈಗ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಊರಲ್ಲಿ ಇದನ್ನು ಅವಸರದಿಂದ ಹೇಳಿದವರನ್ನು ನಿಲ್ಲಿಸಿ ಮತ್ತೆ ಮೊದಲಿಂದ ಹೇಳಿಸುತ್ತಾರೆ. ಆತ ಬಲಕ್ಕೆ ಹೋಗುವಂತೆ ಮಾಡಿ ಎಡಕ್ಕೆ ಕಾಲು ಹಾಕಿದ. ಹಮಾಲಿ ಅದನ್ನೇ ಕಾಯುತ್ತಿದ್ದ, ಪಾದ ಹಿಡಿದ. ಹಿಡಿದ ಅಂದರೆ ಹಿಡಿದ, 75 ಕೆಜಿ ಚೀಲದ ಮೂಲೆ ಹಿಡಿದಂಗೆ. ಅಣ್ಣ ಸೊಂಟಕ್ಕೆ ಬಿದ್ದ, ತಮ್ಮ ತೊಡೆಗೆ. ಹುಡುಗ ನಮ್ಮ ನೆಲದಲ್ಲೇ ಬಿದ್ದ. ನಾವೆಲ್ಲ ಎದ್ದು ಕುಣಿಯಲು ಶುರು ಮಾಡಿದ್ದೆವು. ಆದರೆ ಆತನ ಬಾಯಲ್ಲಿ "ಕಬಡ್ಡಿ ಕಬಡ್ಡಿ" ಇನ್ನೂ ನಿಂತಿರಲಿಲ್ಲ. ಮೂವರನ್ನೂ ಎಳೆದುಕೊಂಡು ಹೊಟ್ಟೆಯ ಮೇಲೆ ಒಂದು ಮೊಳ ಸರಿದ, ಮತ್ತೊಂದು ಗೇಣು, ಕೈ ಚಾಚಿದ. ಮಾಸ್ತರರ ಸೀಟಿ.

ಗೆರೆ ಮುಟ್ಟಿದ್ದರೆ ಹಿಡಿದ ಮೂವರೂ ಔಟ್, ಒಂದು ಬೆರಳಿಗೆ ಮೂರು ಪಾಯಿಂಟ್. ಮುಟ್ಟಿರದಿದ್ದರೆ ಪಾಯಿಂಟ್ ನಮ್ಮದು, ಢಾಲೂ ನಮ್ಮದು.

ತೊಡಕು ಏನೆಂದರೆ, ಮುಟ್ಟಬೇಕಾದ ಗೆರೆಯೇ ಅಲ್ಲಿ ಉಳಿದಿರಲಿಲ್ಲ. ಸಂಜೆಯಿಂದ ಆಡೀ ಆಡೀ ನಡುಗೆರೆಯ ಆ ಜಾಗ ಅಳಿಸಿ ಮಣ್ಣಾಗಿತ್ತು. ಎರಡೂ ಕಡೆಯವರು ಒಳಗೆ ನುಗ್ಗಿದರು. ಮಾಸ್ತರರು ಹುಡುಗನ ಕೈ ಹಿಡಿದೆತ್ತಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಉಗುರಿನಲ್ಲಿ ಬಿಳಿ ಸುಣ್ಣ! ಕ್ಯಾಂಪಿನವರು ಹೋ ಅಂದರು. ನಮ್ಮ ಕಡೆಯ ಒಬ್ಬ ಸಾಬು ಕಾಕಾ, ಊರಲ್ಲಿ ಗಾಡಿಗೆ ಪಂಕ್ಚರ್ ಹಾಕುವವರು, ತಮ್ಮ ಎರಡೂ ಕೈ ಮುಂದೆ ಚಾಚಿದರು: "ಸಾಹೇಬ್ರ, ನನ್ನ ಉಗುರಾಗೂ ಸುಣ್ಣ ಐತಿ. ನಾ ಏನ್ ರೇಡ್ ಹೋಗಿದ್ನ್ಯಾ?" ನೋಡಿದರೆ ಎಲ್ಲರ ಕೈಯಲ್ಲೂ ಸುಣ್ಣ, ಹಮಾಲಿಯ ಹುಬ್ಬಿನ ಮೇಲೂ.

ಮಾಸ್ತರರು ಗೆರೆಯ ಎರಡೂ ತುದಿಗೆ ಸುತಳಿ ಹಿಡಿಸಿದರು, ಮಣ್ಣಿನ ಮೇಲಿನ ಬೆರಳ ಗುರುತು ನೋಡಿದರು. ಗುರುತು ಅಷ್ಟೊತ್ತಿಗೆ ನೂರು ಕಾಲಿನ ಕೆಳಗೆ ಹೋಗಿತ್ತು. ಆಮೇಲೆ ಕೈ ಎತ್ತಿ ಮೂರು ಬೆರಳು ತೋರಿಸಿದರು. 31-28. ಕಲ್ಲು ಬೀಳುವ ಹೊತ್ತು ಅದು, ಬೀಳಲಿಲ್ಲ. ಕಮಿಟಿಯ ಹಿರಿಯ ಗೌಡ್ರು ಮೈಕ್ ತಗೊಂಡು, "ಅಂಪೈರ್ ಊರಿಗೆ ಅತಿಥಿ. ಅವರು ಅಂದಿದ್ದ ಖರೆ. ಕ್ಯಾಂಪಿನವ್ರು ಉಂಡ ಹೋಗ್ಬೇಕು" ಅಂದರು. ಗೆದ್ದವರು ಸೋತವರು ಒಂದೇ ಸಾಲಿನಲ್ಲಿ ಕೂತು ಉಂಡರು. ನಮ್ಮ ರೇಡರ್ ಆ ಸಾಲಿನಲ್ಲಿ ಎಷ್ಟು ಹೋಳಿಗೆ ತಿಂದನೆಂದು ಎಣಿಸಲು ಅವರವ್ವ ಯಾರಿಗೂ ಬಿಡಲಿಲ್ಲ.

ಬೆಳಿಗ್ಗೆ ಅವನು ಕುಷ್ಟಗಿಗೆ ಹೋಗಿ ಬೆಂಗಳೂರಿನ ಬಸ್ ಹತ್ತಿದ. ಹಮಾಲಿ ಕ್ಯಾಂಪಿನವರ ಟಾಟಾ ಏಸ್‌ನಲ್ಲೇ ರಾತ್ರಿ ಗಂಗಾವತಿಗೆ ಹೋಗಿದ್ದ, ಬಸ್ ಚಾರ್ಜ್ ಉಳಿಯಿತಲ್ಲ. ಅಣ್ಣ-ತಮ್ಮನ ಬದುವಿನ ಕೇಸು ಇನ್ನೂ ಇದೆ, ಮಾತು ಮಾತ್ರ ಉಂಟು. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು ಸೋಲಿಸಿ ಆ ಚಿನ್ನದ ಸರಣಿ ಮುರಿದ ದಿನ ನಮ್ಮೂರ ಹೋಟೆಲ್‌ನಲ್ಲಿ ಯಾರೋ ಕೇಳಿದರು: "ಅಲ್ಲೂ ಸುಣ್ಣದ ಗೆರಿ ಇತ್ತೇನು?"

ಉದ್ದನೆಯ ಹುಡುಗ ಈಗ ನಮ್ಮೂರ ಅಳಿಯ. ಆ ರಾತ್ರಿ ಉಣ್ಣಲು ಕೂತಾಗ ಬಡಿಸಿದ ಮನೆಯವರ ಜೊತೆಗೇ ಎರಡು ವರ್ಷದ ಮೇಲೆ ಸಂಬಂಧ ಕೂಡಿತು. ಜಾತ್ರೆಗೆ ತಪ್ಪದೆ ಬರುತ್ತಾನೆ, ಹೊಟ್ಟೆ ಬಂದಿದೆ, 55ರ ಕಾಟಾ ಈಗ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. ಕಟ್ಟೆಯ ಮೇಲೆ ಸಿಕ್ಕರೆ ಹಮಾಲಿ ಬಿಡುವುದಿಲ್ಲ: "ಅಳಿಯಂದ್ರ, ಹನುಮಪ್ಪನ ಮುಂದ ಹೇಳ್ರಿ, ಮುಟ್ಟಿದ್ರ್ಯಾ ಇಲ್ಲ?"

ಹೋದ ಜಾತ್ರೆಯಲ್ಲಿ ಆತ ಕಡೆಗೂ ಬಾಯಿಬಿಟ್ಟ. "ನೆಲಾ ಮುಟ್ಟಿದ್ದು ಖರೆ ಮಾವ. ಆದ್ರ ಅಲ್ಲಿ ಗೆರಿ ಇತ್ತೋ ಇಲ್ಲೋ ನನಗೂ ಗೊತ್ತಿಲ್ಲ."

"ಹಂಗಾರ ಮೂರು ಪಾಯಿಂಟ್ ತಿರುಗಿ ಕೊಡ್ರಿ."

"ಆ ಹತ್ತು ಸಾವಿರದಾಗ ನನ್ನ ಪಾಲಿಗೆ ಬಂದಿದ್ದು ಒಂದು ಸಾವಿರ. ಬೇಕಾರ ಅದನ್ನ ಈಗ ಕೊಡ್ತೀನಿ. ಪಾಯಿಂಟ್ ಕೊಡಂಗಿಲ್ಲ."

ಹಮಾಲಿ ರೊಕ್ಕ ಬೇಡ ಅಂದ.