ವೆಬ್‌ಸೈಟಿಗೂ ಅಪ್‌ಡೇಟ್ ಬರುತ್ತದೆ, ಅದರ ಬಿಸಿ ಊರಿಗೂ ತಟ್ಟುತ್ತದೆ

ಫೋನಿನಲ್ಲಿ ‘ಅಪ್‌ಡೇಟ್ ಮಾಡಿ’ ಅಂತ ಬಂದರೆ ‘ಆಮೇಲೆ’ ಅಂತ ಒತ್ತಿ ಮುಂದೆ ಹೋಗುವವರೇ ಹೆಚ್ಚು. ನೀವು ಓದುವ ಪ್ರತಿ ವೆಬ್‌ಸೈಟಿನ ಹಿಂದೆಯೂ ಎಲ್ಲೋ ಒಂದು ಕಂಪ್ಯೂಟರ್ ಓಡುತ್ತಿರುತ್ತದೆ. ಅದಕ್ಕೂ ಅಪ್‌ಡೇಟ್ ಬರುತ್ತದೆ. ಅದು ಹಳ್ಳಿಯ ಓದುಗರಿಗೆ ಯಾಕೆ ಬೇಕು ಅಂತ ಕೇಳಬಹುದು. ಬೇಕು ಅಂತ ನಮಗೆ ಅನುಭವದಿಂದ ಗೊತ್ತಾಗಿದೆ.

ನಾವು ನಾಲ್ಕು ಜನ ಸ್ಟ್ರಿಂಗರ್‌ಗಳು ಸೇರಿ ಜಿಲ್ಲೆಯ ಸುದ್ದಿಗೆ ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತೇವೆ. ಪೇಪರಿನಲ್ಲಿ ಜಾಗ ಸಿಗದ ಸುದ್ದಿ ಅಲ್ಲಿ ಬರುತ್ತದೆ. ಸ್ವಂತ ಸರ್ವರ್ ಇಡುವ ಶಕ್ತಿ ನಮಗಿಲ್ಲ, ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಟುತ್ತೇವೆ. ಅದು ವಠಾರ ಇದ್ದ ಹಾಗೆ, ಒಂದೇ ಸರ್ವರಿನಲ್ಲಿ ಹತ್ತಾರು, ನೂರಾರು ವೆಬ್‌ಸೈಟುಗಳು. ಬಾಡಿಗೆದಾರರು ತಮ್ಮ ಫೈಲು, ಇಮೇಲ್, ಬ್ಯಾಕಪ್ ನೋಡಿಕೊಳ್ಳಲು ಇರುವುದೇ ಕಂಟ್ರೋಲ್ ಪ್ಯಾನೆಲ್. 1996ರಲ್ಲಿ ಅಮೆರಿಕದಲ್ಲಿ ಶುರುವಾದ ಸಿಪ್ಯಾನೆಲ್ ಇವುಗಳಲ್ಲಿ ಬಹಳ ಹೆಸರಾದದ್ದು.

ಸಿಪ್ಯಾನೆಲ್ ಸಾಮಾನ್ಯವಾಗಿ ರಾತ್ರಿ ಹೊತ್ತು ತಾನೇ ಅಪ್‌ಡೇಟ್ ಆಗುತ್ತದೆ. ಹೊಸದು ಎಷ್ಟು ಬೇಗ ಬರಬೇಕು ಅನ್ನುವುದನ್ನು ಸರ್ವರ್ ನಡೆಸುವವರು ಆರಿಸಬಹುದು. ‘ಎಡ್ಜ್’ ಅಂದರೆ ಈಗಷ್ಟೇ ಒಲೆಯಿಂದ ಇಳಿಸಿದ್ದು. ‘ಸ್ಟೇಬಲ್’ ಅಂದರೆ ನಾಲ್ಕು ಜನ ಉಂಡು ನೋಡಿದ ಮೇಲೆ ಬಡಿಸಿದ್ದು.

ನಮಗೆ ತೊಂದರೆ ಕೊಟ್ಟದ್ದು ಪ್ಯಾನೆಲ್ ಅಲ್ಲ, ಅದರ ಕೆಳಗಿರುವ ಪಿಎಚ್‌ಪಿ. ನಮ್ಮಂಥ ಸೈಟುಗಳು ಓಡುವುದೇ ಅದರ ಮೇಲೆ. ಪಿಎಚ್‌ಪಿ 7.4ಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದು 2022ರ ನವೆಂಬರ್ 28ಕ್ಕೆ ನಿಂತಿತು. ಆಮೇಲೊಂದು ದಿನ ಹೋಸ್ಟಿಂಗ್ ಕಂಪನಿಯವರು ಒಂದು ಮಾತೂ ತಿಳಿಸದೆ 8ಕ್ಕೆ ಬದಲಾಯಿಸಿದರು. ಹಳೆಯ ಕೆಲವು ಆದೇಶಗಳನ್ನು 8ರಲ್ಲಿ ತೆಗೆದುಹಾಕಿದ್ದಾರೆ. ನಮ್ಮ ಸೈಟಿನ ವಿನ್ಯಾಸ ಅವನ್ನೇ ನಂಬಿತ್ತು. ಬೆಳಿಗ್ಗೆ ನೋಡಿದರೆ ಬರೀ ಬಿಳಿ ಪರದೆ.

ಅದೇ ದಿನ ಒಬ್ಬ ರೈತರು ಫೋನ್ ಮಾಡಿದರು. “ಸಾರ್, ಬೆಳೆ ವಿಮೆ ಬಗ್ಗೆ ನೀವು ಹಾಕಿದ್ದ ಸುದ್ದಿ ಓಪನ್ ಆಗ್ತಿಲ್ಲ. ನಾಳೆ ಮೀಟಿಂಗ್ ಐತೆ, ತೋರಿಸ್ಬೇಕಿತ್ತು.” ಶೇಂಗಾ ವಿಮೆಯ ಬಾಕಿ ಹಣ ಬರುತ್ತದೆ ಅಂತ ಅಧಿಕಾರಿಯೊಬ್ಬರು ಹೇಳಿದ ಮಾತು ಆ ವರದಿಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಕಂಪನಿಗೆ ದೂರು ಹಾಕಿದರೆ “ನಿಮ್ಮ ಸೈಟಿನ ತೊಂದರೆ” ಅಂತ ಒಂದು ಸಾಲಿನ ಉತ್ತರ ಬಂತು. ಪ್ಯಾನೆಲ್‌ನಲ್ಲೇ ‘ಮಲ್ಟಿಪಿಎಚ್‌ಪಿ ಮ್ಯಾನೇಜರ್’ ಅಂತ ಇದೆ, ಅಲ್ಲಿ ನಮ್ಮೊಂದು ಸೈಟಿಗೆ ಮಾತ್ರ ಹಳೆಯ ಪಿಎಚ್‌ಪಿ ಆರಿಸಬಹುದು ಅಂತ ತಿಳಿಯುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಆ ರೈತರು ಬರಿಗೈಲಿ ಮೀಟಿಂಗಿಗೆ ಹೋಗಿ ಬಂದಿದ್ದರು. ನಾವು ಹಳೆಯದರಲ್ಲಿ ಸೈಟ್ ತೆರೆದು, ವಿನ್ಯಾಸ ಬದಲಿಸಿ, ಮತ್ತೆ 8ಕ್ಕೆ ಬಂದೆವು.

ಹಾಗಂತ ಅಪ್‌ಡೇಟ್ ಬೇಡ ಅನ್ನುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಸೈಬರ್‌ಪ್ಯಾನೆಲ್ ಎಂಬ ಇನ್ನೊಂದು ಪ್ಯಾನೆಲ್‌ನ ದೋಷ ಹಿಡಿದು ಕಳ್ಳರು ಸರ್ವರ್‌ಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಜಡಿದು ಹಣ ಕೇಳಿದರು. ಆಗ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಅಂಥ ಸರ್ವರ್‌ಗಳು ಸುಮಾರು 22 ಸಾವಿರ. ಹಳೆಯದಕ್ಕೇ ಅಂಟಿಕೊಂಡರೆ ಬಾಗಿಲು ತೆರೆದು ಮಲಗಿದ ಹಾಗೆ. ನಮ್ಮ ತಕರಾರು ಅಪ್‌ಡೇಟ್ ಬಗ್ಗೆ ಅಲ್ಲ, ಹೇಳದೆ ಕೇಳದೆ ಮಾಡುವುದರ ಬಗ್ಗೆ. ಕರೆಂಟ್ ತೆಗೆಯುವ ಮೊದಲು ಪೇಪರಿನಲ್ಲಿ ಪ್ರಕಟಣೆ ಕೊಡುತ್ತಾರೆ. ಬಾಡಿಗೆ ಕಟ್ಟುವವರಿಗೆ ಒಂದು ಇಮೇಲ್ ಹಾಕುವುದು ಕಷ್ಟವೇನಲ್ಲ.

ನಿಮ್ಮ ಸಂಘ, ಶಾಲೆ, ಡೇರಿಗೆ ವೆಬ್‌ಸೈಟ್ ಇದ್ದರೆ ಹೋಸ್ಟಿಂಗ್‌ನವರನ್ನು ಮೂರು ಮಾತು ಕೇಳಿ: ಈಗ ಯಾವ ಪಿಎಚ್‌ಪಿ ಇದೆ? ಬದಲಾಯಿಸುವ ಮೊದಲು ತಿಳಿಸುತ್ತೀರಾ? ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ? ಅವರ ಬ್ಯಾಕಪ್ ಒಂದನ್ನೇ ನಂಬಬೇಡಿ. ನಾವು ಪ್ರತಿ ತಿಂಗಳ ಒಂದನೇ ತಾರೀಖು ಫೈಲು, ಡೇಟಾಬೇಸ್ ಎರಡನ್ನೂ ಇಳಿಸಿ ಪೆನ್‌ಡ್ರೈವಿನಲ್ಲಿ ಇಡುತ್ತೇವೆ. ವರ್ಡ್‌ಪ್ರೆಸ್‌ನಲ್ಲಿ ಬರಹ ಇರುವುದು ಡೇಟಾಬೇಸಿನಲ್ಲಿ, ಬರೀ ಫೈಲು ಇಟ್ಟುಕೊಂಡರೆ ಚಿತ್ರ ಉಳಿಯುತ್ತದೆ, ಸುದ್ದಿ ಉಳಿಯುವುದಿಲ್ಲ.

ಓದುಗರಿಗೂ ಒಂದು ಮಾತು. ಪಿಂಚಣಿ, ಪಹಣಿ, ವಿಮೆ, ಪರಿಹಾರದ ಸುದ್ದಿ ಬಂದರೆ ಲಿಂಕ್ ಮಾತ್ರ ಇಟ್ಟುಕೊಳ್ಳಬೇಡಿ. ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, ಶೇರ್‌ನಲ್ಲಿ ಪ್ರಿಂಟ್ ಆರಿಸಿ ಪಿಡಿಎಫ್ ಆಗಿ ಉಳಿಸಿ. ಆಮೇಲೆ ಸೈಟ್ ತೆರೆಯದಿದ್ದರೂ ಕಾಗದ ನಿಮ್ಮ ಕೈಲೇ ಇರುತ್ತದೆ.