ಮುಚ್ಚಿದ ಕ್ಯಾಮೆರಾದೊಳಗಿನ ಧೂಳು

ಲೆನ್ಸ್ ಬಿಚ್ಚಲಾಗದ ಡಿಜಿಟಲ್ ಕ್ಯಾಮೆರಾದ ಒಳಗೆ ಧೂಳು ಹೋಗುವುದೇ ಇಲ್ಲ ಎನ್ನುವುದು ಅಂಗಡಿಯವರ ಮಾತಾಗಿತ್ತು. ಹರಪನಹಳ್ಳಿ ಸೀಮೆಯಲ್ಲಿ ಆ ಮಾತು ಒಂದು ಬೇಸಿಗೆಯೂ ಬಾಳಲಿಲ್ಲ. ಸ್ವಿಚ್ ಒತ್ತಿದೊಡನೆ ಹೊರಚಾಚುವ ಜೂಮ್ ಲೆನ್ಸ್ ಕಮ್ಮಾರನ ತಿದಿಯಂತೆ ಗಾಳಿ ಎಳೆದುಕೊಳ್ಳುತ್ತದೆ. ಅದರ ಜೊತೆ ಬಂದ ಕಣ ಸೆನ್ಸರ್ ಮೇಲಿನ ತೆಳುಗಾಜಿಗೆ ಅಂಟಿ ಕೂರುತ್ತದೆ. ರೀಲಿನ ಮೇಲೆ ಬಿದ್ದ ಧೂಳು ಆ ಫ್ರೇಮಿನ ಜೊತೆಗೇ ಮುಂದಕ್ಕೆ ಸರಿದುಹೋಗುತ್ತಿತ್ತು. ಸೆನ್ಸರ್‌ಗೆ ಸರಿಯಲು ಜಾಗವೆಲ್ಲಿ? ಒಂದೇ ಚುಕ್ಕಿ ಎಲ್ಲ ಫೋಟೋಗಳಲ್ಲೂ, ಒಂದೇ ಮೂಲೆಯಲ್ಲಿ. ರೀಲಿನ ಫ್ರೇಮ್ 36×24 ಮಿ.ಮೀ.; ಸಾಮಾನ್ಯ ಪುಟ್ಟ ಕ್ಯಾಮೆರಾದ ಸೆನ್ಸರ್ ಸುಮಾರು 6×4.5 ಮಿ.ಮೀ. ಅಲ್ಲಿ ಕಾಣದಿದ್ದ ಕಣ ಇಲ್ಲಿ ದೊಡ್ಡ ಮಚ್ಚೆ.

ಈ ಚುಕ್ಕಿಯ ಗುಣ ತಿಳಿಯಲು ನೀಲಗುಂದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿಯೊಳಗೆ ಬೆಳಕು ಕಡಿಮೆ, ಅಪರ್ಚರ್ ಪೂರ್ತಿ ತೆರೆದಿರುತ್ತದೆ, ಕೆತ್ತನೆಯ ಕಂಬಗಳಲ್ಲಿ ಚುಕ್ಕಿ ಕರಗಿಹೋಗುತ್ತದೆ. ಹೊರಗೆ ಬಂದು ಬಿಸಿಲಿನಲ್ಲಿ ಕ್ಲಿಕ್ಕಿಸಿದರೆ ಅಪರ್ಚರ್ ಕಿರಿದಾಗಿ, ಬಿಳಿಚಿದ ಆಕಾಶದಲ್ಲಿ ಅದು ಎದ್ದು ನಿಲ್ಲುತ್ತದೆ. ಸ್ಟುಡಿಯೋದವರಿಗೆ ಕಾಟ ಕೊಟ್ಟದ್ದು ಆಕಾಶವಲ್ಲ, ಪಾಸ್‌ಪೋರ್ಟ್ ಸೈಜಿನ ಫೋಟೋದ ಬಿಳಿ ಪರದೆ. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರ್ಣಿಕ ಮುಗಿದ ಮರುವಾರವೇ ರಿಪೇರಿಗೆ ಕ್ಯಾಮೆರಾಗಳು ಸಾಲುಗಟ್ಟುತ್ತಿದ್ದವು.

ಆಗ ಕೊಟ್ಟೂರಿನ ಕಡೆ ಒಬ್ಬ ರಿಪೇರಿಯವರಿದ್ದರು; ಗಡಿಯಾರದಿಂದ ರೇಡಿಯೋಗೆ, ರೇಡಿಯೋದಿಂದ ಕ್ಯಾಮೆರಾಕ್ಕೆ ಬಂದ ಕೈ. ಅವರ ಮೇಜಿನ ಬಳಿ ಕೂತವರಿಗೆ ಇವತ್ತಿಗೂ ನೆನಪಾಗುವುದು ಸ್ಪಿರಿಟ್ಟಿನ ವಾಸನೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ನೆಲಕ್ಕೆ ನೀರು ಚಿಮುಕಿಸಿದ ಮೇಲೆಯೇ ಸ್ಕ್ರೂಡ್ರೈವರ್. ಮೊದಲು ಫ್ಲ್ಯಾಶಿನ ಕೆಪಾಸಿಟರ್ ಖಾಲಿ ಮಾಡುತ್ತಿದ್ದರು: ಬ್ಯಾಟರಿ ತೆಗೆದ ಮೇಲೂ ಅದರಲ್ಲಿ 300 ವೋಲ್ಟಿನಷ್ಟು ಉಳಿದಿರುತ್ತದೆ. ಆಮೇಲೆ ಪಟ್ಟಿ ಕೇಬಲ್‌ಗಳು, ಕೊನೆಗೆ ಸೆನ್ಸರ್ ಹಿಡಿದ ಪುಟ್ಟ ಸ್ಕ್ರೂಗಳು. ಆ ಸ್ಕ್ರೂ ಒಂದೆಳೆ ಹೆಚ್ಚುಕಡಿಮೆಯಾದರೆ ಸೆನ್ಸರ್ ವಾಲಿ ಚಿತ್ರದ ಒಂದು ಪಕ್ಕ ಮಸುಕು. ಅದಕ್ಕೇ ಪ್ರತಿ ಸ್ಕ್ರೂ ಎಷ್ಟು ಸುತ್ತು ಬಂತೆಂದು ಕಾಗದದ ಮೇಲೆ ಬರೆದಿಡುತ್ತಿದ್ದರು. ಚೌಕಾಸಿಗೆ ಬಂದವರಿಗೆ ಒಂದೇ ಮಾತು: "ಚುಕ್ಕಿ ಹೋದ್ರ ಇನ್ನೂರು ಕೊಡ್ರಿ, ಹೋಗ್ಲಿಲ್ಲಂದ್ರ ಚಾ ಕುಡಿಸ್ರಿ." ಎಷ್ಟೋ ಜನ ಚಾ ಕುಡಿಸಿದ್ದೂ ಉಂಟು. ಹೋದ ಚುಕ್ಕಿ ಮುಂದಿನ ಜಾತ್ರೆಗೆ ಮರಳುತ್ತಿತ್ತು. ಬಿಚ್ಚಿದ ಕೆಲವು ಕ್ಯಾಮೆರಾ ಮತ್ತೆ ಕೂಡಿಕೊಳ್ಳಲೇ ಇಲ್ಲ. ಲೆನ್ಸಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಜೂಮ್ ಆಡಿಸುವ ಉಪಾಯವೂ ಬಂದಿತ್ತು. ಅವರು ಅದನ್ನು ಮೇಜಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಇದಕ್ಕೆ ಮದ್ದು ಇರಲಿಲ್ಲವೆಂದಲ್ಲ. ಲೆನ್ಸ್ ಬದಲಿಸುವ ಒಲಿಂಪಸ್ ಇ-1 ಕ್ಯಾಮೆರಾ ಅಲ್ಟ್ರಾಸಾನಿಕ್ ಕಂಪನದಿಂದ ಧೂಳು ಕೊಡವಿಕೊಂಡದ್ದು 2003ರಲ್ಲೇ. ಮುಚ್ಚಿದ ಲೆನ್ಸಿನ ರಿಕೋ ಜಿಆರ್ ಸಾಲಿಗೆ ಅದು ಬಂದದ್ದು 2019ರ ಜಿಆರ್ 3ರಲ್ಲಿ, ಅದೂ ಹಳ್ಳಿ ಸ್ಟುಡಿಯೋದ ಕೈಗೆಟುಕದ ಬೆಲೆಗೆ. ಅಗ್ಗದ ಕ್ಯಾಮೆರಾ ಕೊಂಡವರು ಚುಕ್ಕಿ ಬಂದರೆ ಹೊಸದು ಕೊಳ್ಳಲಿ ಎಂಬುದೇ ಲೆಕ್ಕಾಚಾರವಾಗಿದ್ದಿರಬೇಕು.

ಈಗ ಹುಡುಗರು ಮೊಬೈಲಿಗೆ ಬೇಸತ್ತು, ಅಪ್ಪಂದಿರ ಬೀರುವಿನಿಂದ ಆ ಹಳೇ ಕ್ಯಾಮೆರಾ ತೆಗೆದು "ಈ ಕಲೆ ಯಾಕ ಬರ್ತೈತಿ?" ಎನ್ನುತ್ತಾರೆ. ಉತ್ತರ ಹೇಳಿದರೂ ಬಿಚ್ಚಿ ಒರೆಸುವವರಿಲ್ಲ. ರಿಪೇರಿಯ ಮೇಜಿದ್ದ ಕಡೆ ಮೊಬೈಲ್ ಕವರ್ ಮಾರುತ್ತಾರೆ. ಚುಕ್ಕಿಯನ್ನು ಆ್ಯಪಿನಲ್ಲಿ ಬೆರಳಾಡಿಸಿ ಅಳಿಸುತ್ತಾರೆ, ಒಂದೊಂದು ಫೋಟೋಕ್ಕೂ ಹೊಸದಾಗಿ.