ಹನಕೆರೆಯ ಅಟ್ಟದಲ್ಲಿ ಒಂದು ನ್ಯೂಯಾರ್ಕ್ ಕ್ಯಾಸೆಟ್

"ನಿಮ್ಮಪ್ಪಾರ ಭಜನೆ ಕ್ಯಾಸೆಟ್ ನಿನ್ನತ್ರ ಏನಾದ್ರೂ ಅದಾ?" ಅಂತ ಅವ್ವ ಫೋನಿನಲ್ಲಿ ಕೇಳಿದಾಗ ನಾನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿದ್ದೆ. "ನೋಡ್ತೀನಿ ಕಣವ್ವ" ಅಂದೆ. ಸುಳ್ಳು. ಆ ಕ್ಯಾಸೆಟ್ ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಈಗ ಭಜನೆ ಇಲ್ಲ ಅನ್ನೋದೂ ಗೊತ್ತಿತ್ತು.

ಅಪ್ಪ ಹೋಗಿ ಎರಡು ವರ್ಷ. ಫೋಟೋ ಬೇಕಾದಷ್ಟಿವೆ. ದನಿ ಮಾತ್ರ ಇಲ್ಲ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುವ ಪೈಕಿ ಅವರಲ್ಲ. ಫೋನ್ ಮಾಡಿದರೂ "ಊಟ ಆಯ್ತಾ, ಇಡ್ಲಾ?" ಅನ್ನುವಷ್ಟರಲ್ಲಿ ಮುಗಿಸುತ್ತಿದ್ದರು. ಅವ್ವನ ಲೆಕ್ಕದಲ್ಲಿ ಉಳಿದಿದ್ದು ಒಂದೇ ಆಸರೆ. 1997ರಲ್ಲಿ ನಮ್ಮ ಬೀದಿಯ ಭಜನೆಯವರು ಟೂ-ಇನ್-ಒನ್ ಇಟ್ಟು ಒಂದು ಶನಿವಾರ ರಾತ್ರಿ ರೆಕಾರ್ಡ್ ಮಾಡಿದ್ದ 60 ನಿಮಿಷದ ಕ್ಯಾಸೆಟ್.

ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಹತ್ತಿದೆ. ಹನಕೆರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಮೈಸೂರಿಗೆ ಹೋಗುವವರಿಗೆ ಈಗ ನಮ್ಮ ಕಡೆಯ ಊರುಗಳೆಲ್ಲ ಬೋರ್ಡಿನ ಮೇಲಿನ ಹೆಸರುಗಳಷ್ಟೇ. ಮದ್ದೂರು ದಾಟಿ, ಗೆಜ್ಜಲಗೆರೆಯ ಹಾಲಿನ ಡೇರಿ ದಾಟಿ, ಮಂಡ್ಯಕ್ಕೆ ಮುಂಚೆ ಸಿಗುವ ಸಣ್ಣ ಸ್ಟೇಷನ್ ನಮ್ಮದು. ಬಹುತೇಕ ಎಕ್ಸ್‌ಪ್ರೆಸ್ ರೈಲುಗಳು ಹಾರ್ನ್ ಹೊಡೆದು ಹೋಗ್ತವೆ, ನಿಲ್ಲಲ್ಲ. ಆಫೀಸಿನಲ್ಲಿ ಕೆಲವರು ಇದನ್ನ 'ಹಣಕೆರೆ' ಅಂತ ಓದಿ ನಗ್ತಾರೆ. ಕಬ್ಬಿನ ಬಾಕಿ ಬಿಲ್ಲಿಗೆ ಕಾದಿರುವ ನಮ್ಮೂರವರಿಗೆ ಆ ಜೋಕು ಅಷ್ಟು ರುಚಿಸಲ್ಲ.

ಕಿಟಕಿ ಸೀಟಿನಲ್ಲಿ ಕೂತು, ಇಯರ್‌ಫೋನ್ ಹಾಕಿ, ತಪ್ಪೊಪ್ಪಿಗೆಯ ತಯಾರಿ ಅನ್ನೋ ಹಾಗೆ ಆ ಆಲ್ಬಮ್ಮನ್ನೇ ಹಾಕಿಕೊಂಡೆ. ನಿರ್ವಾಣ ಬ್ಯಾಂಡಿನ 'ಎಂಟಿವಿ ಅನ್‌ಪ್ಲಗ್ಡ್ ಇನ್ ನ್ಯೂಯಾರ್ಕ್'. ಅಪ್ಪನ ಭಜನೆಯ ಮೇಲೆ ನಾನು ರೆಕಾರ್ಡ್ ಮಾಡಿಕೊಂಡಿದ್ದು ಅದನ್ನೇ.

ಆಗ ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ, 2001. ಹಾಸ್ಟೆಲಿನಲ್ಲಿ ಐದು ಜನ ಸೇರಿ ಬ್ಯಾಂಡ್ ಕಟ್ಟಿದ್ದೆವು. ನಾನು ಡ್ರಮ್ಸ್. ನಮಗೆ ಗೊತ್ತಿದ್ದ ಸಂಗೀತ ಅಂದ್ರೆ ಜೋರು, ಅಷ್ಟೇ. ಹಾಡುವವನಿಗೆ ಅವನ ದನಿಯೇ ಕೇಳ್ತಿರಲಿಲ್ಲ, ಅದು ಅವನ ಪುಣ್ಯ. ರೂಮ್‌ಮೇಟ್ ಹತ್ತಿರ ಈ ಆಲ್ಬಮ್ಮಿನ ಒರಿಜಿನಲ್ ಕ್ಯಾಸೆಟ್ ಇತ್ತು, ಒಂದೇ ರಾತ್ರಿಗೆ ಕೊಡ್ತೀನಿ ಅಂದ. ಖಾಲಿ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ. ಊರಿಂದ ತಂದ ಚೀಲದಲ್ಲಿ ಲೇಬಲ್ ಇಲ್ಲದ ಒಂದು ಕ್ಯಾಸೆಟ್ ಇತ್ತು. ಕ್ಯಾಸೆಟ್ ಯುಗ ನೋಡದವರಿಗೆ ಒಂದು ಮಾತು: ಅದರ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರ್ತಿದ್ದವು. ಅವನ್ನು ಮುರಿದುಬಿಟ್ಟರೆ ರೆಕಾರ್ಡ್ ಬಟನ್ ಒತ್ತಲು ಆಗುತ್ತಿರಲಿಲ್ಲ, ಒಳಗಿರೋದು ಭದ್ರ. ಅಪ್ಪ ಮುರಿದಿರಲಿಲ್ಲ. ನಾನು ಎರಡು ಸೆಕೆಂಡ್ ಹಾಕಿ ಕೇಳಿದೆ. ಹಾರ್ಮೋನಿಯಂ, ತಾಳ, ಯಾರೋ ಕೆಮ್ಮಿದ್ದು. ರೆಕಾರ್ಡ್ ಒತ್ತಿದೆ. ಗೊತ್ತಿಲ್ಲದೆ ಮಾಡಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೀನಿ. ಆ ಎರಡು ಸೆಕೆಂಡ್ ಮಾತ್ರ ಮರೆತಿಲ್ಲ.

ನಿರ್ವಾಣ ಕೇಳದವರಿಗೆ ಸ್ವಲ್ಪ ಹೇಳಬೇಕು. ಅಮೆರಿಕದ ಸಿಯಾಟಲ್ ಕಡೆಯ ಬ್ಯಾಂಡು. 1991ರ 'ನೆವರ್‌ಮೈಂಡ್' ಆಲ್ಬಮ್ ಅವರನ್ನ ಜಗತ್ತಿನ ಅತಿ ದೊಡ್ಡ ರಾಕ್ ಬ್ಯಾಂಡುಗಳ ಸಾಲಿಗೆ ಏರಿಸಿತ್ತು. ಗಿಟಾರ್ ಕಿರುಚಿಸುವುದು, ಗಂಟಲು ಹರಿದುಕೊಂಡು ಹಾಡುವುದು, ಕೊನೆಗೆ ಡ್ರಮ್ ಸೆಟ್ಟಿನ ಮೇಲೆ ಬಿದ್ದು ಎಲ್ಲ ಪುಡಿ ಮಾಡುವುದು. ಅಂಥವರನ್ನ ಎಂಟಿವಿ ತನ್ನ 'ಅನ್‌ಪ್ಲಗ್ಡ್' ಕಾರ್ಯಕ್ರಮಕ್ಕೆ ಕರೆಯಿತು. ಎಲೆಕ್ಟ್ರಿಕ್ ಗಿಟಾರ್ ಬದಿಗಿಟ್ಟು, ಕೂತುಕೊಂಡು, ಮೆಲ್ಲಗೆ ಹಾಡಬೇಕು.

1993ರ ನವೆಂಬರ್ 18, ನ್ಯೂಯಾರ್ಕಿನ ಸೋನಿ ಸ್ಟುಡಿಯೋ. ಹಾಡುಗಾರ ಕರ್ಟ್ ಕೊಬೇನ್ ಹೇಳಿದಂತೆ ವೇದಿಕೆ ತುಂಬ ಲಿಲ್ಲಿ ಹೂವು, ಕಪ್ಪು ಮೇಣದಬತ್ತಿ. ಸಾವಿನ ಮನೆ ಥರ ಕಾಣ್ತಿತ್ತು, ಅವನಿಗೂ ಹಾಗೇ ಬೇಕಿತ್ತಂತೆ. ಚಾನೆಲ್ಲಿನವರು ಹಿಟ್ ಹಾಡುಗಳಿಗೆ ಕಾದಿದ್ದರೆ, ಇವರು ಅತಿ ದೊಡ್ಡ ಹಿಟ್ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಮುಟ್ಟಲೇ ಇಲ್ಲ. ಹಾಡಿದ 14ರಲ್ಲಿ 6 ಬೇರೆಯವರ ಹಾಡು. ಅದರಲ್ಲಿ ಮೂರು, ಹೆಚ್ಚು ಜನ ಕೇಳಿರದ ಮೀಟ್ ಪಪೆಟ್ಸ್ ಅನ್ನೋ ಬ್ಯಾಂಡಿನವು, ಆ ಬ್ಯಾಂಡಿನ ಅಣ್ಣತಮ್ಮಂದಿರನ್ನೇ ಪಕ್ಕದಲ್ಲಿ ಕೂರಿಸಿಕೊಂಡು. ಒಂದು ಚೆಲ್ಲೋ. ಒಂದು ಹಾಡಿಗೆ ಬೇಸ್ ನುಡಿಸುವವನ ಕೈಗೆ ಅಕಾರ್ಡಿಯನ್. ಎಲ್ಲ ಒಂದೇ ಬೈಠಕ್ಕಿನಲ್ಲಿ, ರೀಟೇಕ್ ಇಲ್ಲ.

ಪೂರಾ ಅನ್‌ಪ್ಲಗ್ಡ್ ಏನಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಕೊಬೇನ್ ಧೈರ್ಯಕ್ಕೆ ತನ್ನ ಆಂಪ್ಲಿಫೈಯರ್ ಬೇಕು ಅಂತ ಹಟ ಹಿಡಿದ. ಕೊನೆಗೆ ಅದು ಕಾಣದಂತೆ ಮುಂದೆ ಸುಳ್ಳು ಡಬ್ಬ ಅಡ್ಡ ಇಟ್ಟರು. ಡೇವಿಡ್ ಬೋವಿಯ ಹಾಡಿನಲ್ಲಿ ಗಿಟಾರ್ ಕೊಂಚ ಕೊರೆಯುವುದು ಅದಕ್ಕೇ.

ನನಗೆ ಎಲ್ಲಕ್ಕಿಂತ ಹತ್ತಿರದ ಕಥೆ ಡ್ರಮ್ಮರ್ ಡೇವ್ ಗ್ರೋಲ್‌ದು. ಅವನ ಹೊಡೆತ ಎಷ್ಟು ಜೋರು ಅಂದ್ರೆ, ರಿಹರ್ಸಲ್‌ನಲ್ಲಿ ಅವನನ್ನ ಕೂರಿಸುವುದೇ ಬೇಡವಾ ಅನ್ನೋ ಮಾತು ಬಂದಿತ್ತು. ಆಗ ಕಾರ್ಯಕ್ರಮದ ನಿರ್ಮಾಪಕ ಅಲೆಕ್ಸ್ ಕೊಲೆಟ್ಟಿ ಅವನಿಗೆ ಒಂದು ಪೊಟ್ಟಣ ಕೊಟ್ಟರು, ಕ್ರಿಸ್‌ಮಸ್ ಗಿಫ್ಟ್ ಸ್ವಲ್ಪ ಮುಂಚೆ ಅಂತ. ಒಳಗೆ ಬ್ರಶ್‌ಗಳು, ತೆಳುಕಡ್ಡಿಯ ಸ್ಟಿಕ್‌ಗಳು. ಅಷ್ಟು ದೊಡ್ಡ ಡ್ರಮ್ಮರ್ ಅವತ್ತಿನವರೆಗೆ ಬ್ರಶ್ ಬಳಸಿರಲಿಲ್ಲ. ಆಲ್ಬಮ್ ಕೇಳಿ, ಅವನು ಇದ್ದಾನೆ ಅಂತ ಗಮನಕ್ಕೇ ಬರಲ್ಲ. ಅದನ್ನ ಹಾಸ್ಟೆಲಿನಲ್ಲಿ ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಇದೇನು ಡ್ರಮ್ಮಿಂಗಾ, ಸೊಪ್ಪು ಬಿಡಿಸಿದ ಹಾಗೆ!

ಐದು ತಿಂಗಳೊಳಗೆ, 1994ರ ಏಪ್ರಿಲ್‌ನಲ್ಲಿ, ಕೊಬೇನ್ 27ನೇ ವಯಸ್ಸಿಗೆ ತನ್ನ ಜೀವ ತಾನೇ ತೆಗೆದುಕೊಂಡ. ನವೆಂಬರ್ 1ಕ್ಕೆ ಆಲ್ಬಮ್ ಬಂತು. ಅಮೆರಿಕದ ಪಟ್ಟಿಯಲ್ಲಿ ನೇರ ಮೊದಲ ಸ್ಥಾನ. 1996ರಲ್ಲಿ ಗ್ರ್ಯಾಮಿ. ಅವತ್ತು ಅವನ ಕೈಲಿದ್ದ 1959ರ ಮಾರ್ಟಿನ್ ಗಿಟಾರ್ 2020ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅವನು ತೊಟ್ಟಿದ್ದ ಮಾಸಿದ ಹಸಿರು ಸ್ವೆಟರ್ ಕೂಡ ಅದಕ್ಕೆ ಹಿಂದಿನ ವರ್ಷ 3 ಲಕ್ಷ ಡಾಲರ್ ದಾಟಿತ್ತು. ಇದನ್ನೇ ಪರಂಪರೆ ಅನ್ನೋದಾದ್ರೆ ನನಗೆ ಬೇಡ.

ಇನ್ನೊಂದು ಥರದ ಪರಂಪರೆ ನಮ್ಮ ಕಿವಿಗೇ ಬಿದ್ದಿದೆ. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಕುಣಿದ ಹುಡುಗರೇ ಈಗ ವೀಕೆಂಡು ಕೆಫೆಯಲ್ಲಿ ಕೂತು 'ಅನ್‌ಪ್ಲಗ್ಡ್ ನೈಟ್' ಮಾಡ್ತಾರೆ. ಕನ್ನಡ ಸಿನಿಮಾ ಹಾಡಿಗೆಲ್ಲ ಯೂಟ್ಯೂಬಿನಲ್ಲಿ ಒಂದೊಂದು ಅನ್‌ಪ್ಲಗ್ಡ್ ವರ್ಷನ್. ನಿಜ ಹೇಳಬೇಕಂದ್ರೆ ಅದರಲ್ಲಿ ಅರ್ಧ ಬರೀ ನಿಧಾನ ಮಾಡಿ, ಬಾವಿಯೊಳಗಿಂದ ಹಾಡಿದ ಎಫೆಕ್ಟ್ ಹಾಕಿದ್ದು. ತಪ್ಪು ಒಂದೂ ಉಳಿಸಿರಲ್ಲ. ಕೊಬೇನನ ಆಲ್ಬಮ್ಮಿನಲ್ಲಿ ಹಾಡುಹಾಡಿನ ನಡುವೆ ಮಾತಿದೆ, ಶ್ರುತಿ ಮಾಡಿಕೊಳ್ಳೋದಿದೆ, ಈ ಹಾಡು ನಾನು ಕೆಡಿಸ್ತೀನಿ ನೋಡ್ತಿರಿ ಅನ್ನೋ ಅರ್ಥದ ಗೊಣಗಾಟವಿದೆ. ಹುಡುಗನಾಗಿದ್ದಾಗ ಆ ಮಾತೆಲ್ಲ ಫಾರ್ವರ್ಡ್ ಮಾಡ್ತಿದ್ದೆ. ಈಗ ಅದಕ್ಕಾಗಿಯೇ ಕೇಳ್ತೀನಿ.

ರೈಲು ರಾಮನಗರದಲ್ಲಿ ನಿಂತಿತ್ತು. ಆಲ್ಬಮ್ಮಿನ ಕೊನೆಯ ಹಾಡು ಅಮೆರಿಕದ ಗುಡ್ಡಗಾಡಿನ ಹಳೇ ಜನಪದ ಗೀತೆ. ಅದನ್ನ ಕೊಬೇನ್ ಕಲಿತಿದ್ದು ಲೆಡ್ ಬೆಲ್ಲಿ ಅನ್ನೋ ಕಪ್ಪು ಹಾಡುಗಾರನ ರೆಕಾರ್ಡುಗಳಿಂದ. ಆ ಲೆಡ್ ಬೆಲ್ಲಿ ಲೂಸಿಯಾನಾದ ಜೈಲಿನಲ್ಲಿ ಖೈದಿಯಾಗಿದ್ದಾಗ, 1933ರಲ್ಲಿ, ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್ ರೆಕಾರ್ಡಿಂಗ್ ಮೆಷೀನು ಹೊತ್ತುಕೊಂಡು ಹೋಗಿ ಅವನ ದನಿ ಹಿಡಿದಿಟ್ಟರು. ನಮ್ಮ ಕಡೆಯೂ ಒಬ್ಬರು ಹಾಗೆ ಊರೂರು ಸುತ್ತಿದರು. ನಾಗಮಂಗಲ ತಾಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದವರು, ಹಳ್ಳಿ ಹಾಡುಗಾರರ ದನಿಯನ್ನ ಟೇಪಿಗಿಳಿಸಿ ಕೂಡಿಟ್ಟವರು. ಅವರು ಕಟ್ಟಿದ ಜಾನಪದ ಲೋಕ ಇದೇ ರಾಮನಗರದಲ್ಲಿ, ಮೈಸೂರು ರಸ್ತೆಯಲ್ಲೇ ಇದೆ. ಶುರುವಾಗಿದ್ದು 1994ರಲ್ಲಿ, ಆ ಆಲ್ಬಮ್ ಬಂದ ವರ್ಷವೇ. ತಟ್ಟೆ ಇಡ್ಲಿಗೆ ಬಿಡದಿಯಲ್ಲಿ ಗಾಡಿ ನಿಲ್ಲಿಸುವವರು ಹಾಗೇ ಮುಂದೆ ಬಂದು ಇಲ್ಲೂ ಒಂದು ಗಂಟೆ ಇಳಿಯಿರಿ. ನಾನಂತೂ ಅವತ್ತು ಸೀಟಿನಿಂದ ಏಳಲಿಲ್ಲ. ಯಾರೋ ಊರೂರು ಅಲೆದು ಉಳಿಸಿದ್ದನ್ನ ಮನೆಯೊಳಗೇ ಕೂತು ಅಳಿಸಿದವನು ನಾನು.

ಮದ್ದೂರಲ್ಲಿ ವಡೆ ಬಂತು. ಎರಡು ತಿಂದೆ, ಅವ್ವನಿಗೆ ನಾಲ್ಕು ಕಟ್ಟಿಸಿದೆ. ಲಂಚ.

ಹನಕೆರೆಯಲ್ಲಿ ಇಳಿದವರು ನಾವು ಏಳೆಂಟು ಜನ. ರೈಲು ಹೋದಮೇಲೆ ಆಗುವ ನಿಶ್ಶಬ್ದ ಅಂದ್ರೆ ನಿಶ್ಶಬ್ದವೇನಲ್ಲ. ದೂರದಲ್ಲೊಂದು ಟ್ರ್ಯಾಕ್ಟರ್, ನಾಲೆಯಲ್ಲಿ ನೀರು, ಕಬ್ಬಿನ ಗರಿ ಒಂದಕ್ಕೊಂದು ತಾಗುವ ಸದ್ದು. ಬ್ರಶ್ ಆಡಿಸಿದ ಹಾಗೆ ಅಂತ ಅವತ್ತೇ ಮೊದಲು ಅನ್ನಿಸಿದ್ದು. ಆಲೆಮನೆ ಕಡೆಯಿಂದ ಬೆಲ್ಲದ ವಾಸನೆ. ಮಂಡ್ಯದವರಿಗೆ ಈ ವಾಸನೆ ಗೊತ್ತಾಗೋದು ಊರು ಬಿಟ್ಟು ಹೋದಮೇಲೆ.

ಅವ್ವ ವಡೆ ಪೊಟ್ಟಣ ನೋಡಿ "ಏನ್ಲಾ ಇಷ್ಟೊಂದ್ ತಂದಿದ್ದೀಯ, ಏನ್ ಮಾಡ್ಕಂಡೆ?" ಅಂದಳು. ಅಟ್ಟ ಹತ್ತಿ ಹಾಸ್ಟೆಲಿನ ಟ್ರಂಕ್ ಇಳಿಸಿದೆ. ಧೂಳು, ಡ್ರಮ್ ಸ್ಟಿಕ್ ಒಂದೇ ಒಂದು, ಕ್ಯಾಸೆಟ್ಟು. ಅದರ ಮೇಲೆ ನನ್ನ ಅಕ್ಷರದಲ್ಲಿ ಬ್ಯಾಂಡಿನ ಹೆಸರು, ಒಂದು ತಲೆಬುರುಡೆ ಚಿತ್ರ ಬೇರೆ. ಟೂ-ಇನ್-ಒನ್ನಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿರುತ್ತೆ ಅಂತ ಊಹಿಸಿ ಎಸ್.ಪಿ. ರೋಡಿನಲ್ಲಿ ಹುಡುಕಿ ಹೊಸದು ತಂದಿದ್ದೆ. ಅದನ್ನ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವ್ವ ಅವರೆಕಾಯಿ ತಂದು ಪಕ್ಕದಲ್ಲೇ ಕೂತಿದ್ದಳು. ಆಗಲೇ ಹೇಳಿದೆ. ಹಾಸ್ಟೆಲು, ರೂಮ್‌ಮೇಟು, ಆ ಎರಡು ಸೆಕೆಂಡು, ಎಲ್ಲ.

ಅವಳು ಏನೂ ಅನ್ನಲಿಲ್ಲ. ಕಾಯಿ ಬಿಡಿಸುವುದು ನಿಲ್ಲಿಸಿದಳು, ಅಷ್ಟೇ. ಆಮೇಲೆ "ಹಾಕು, ಏನದೆಯೋ ಕೇಳವ" ಅಂದಳು.

ಚಪ್ಪಾಳೆ ಬಂತು. ನ್ಯೂಯಾರ್ಕಿನ ಚಪ್ಪಾಳೆ, ಹನಕೆರೆಯ ಪಡಸಾಲೆಯಲ್ಲಿ. ಬೆಲ್ಟು ಹೊಸದಾದರೂ ಟೇಪು ಹಳೇದು, ದನಿ ಅಲ್ಲಲ್ಲಿ ಓಲಾಡ್ತಿತ್ತು. ಎರಡು ಹಾಡು ಕೇಳಿ ಅವ್ವ ಕೇಳಿದ್ದು ಒಂದೇ: "ಈ ಹುಡುಗುಂಗೆ ಹುಷಾರಿಲ್ವಾ? ವಟ್ಟೆ ನೋವಿರೋರ್ ಥರ ಹಾಡ್ತಾನೆ." ನನಗೆ ಮೈ ಜುಂ ಅಂತು. ಕೊಬೇನನಿಗೆ ವರ್ಷಗಟ್ಟಲೆ ಕಾಡಿದ್ದು ಹೊಟ್ಟೆನೋವೇ. ಹೌದು ಅಂದೆ. ಇಪ್ಪತ್ತೇಳಕ್ಕೇ ಹೋದ ಅಂದೆ. "ಅವರವ್ವ ಇದ್ಲಾ?" ಅಂದಳು. ಇದ್ಲು ಅಂದೆ.

ಏಳನೇ ಹಾಡು ಮುಗಿಯಿತು. ಆಲ್ಬಮ್ ಸುಮಾರು 54 ನಿಮಿಷ, ಕ್ಯಾಸೆಟ್ 60. ಈ ಲೆಕ್ಕ ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ ನೋಡಿ. ಹಾಸ್ಟೆಲಿನಲ್ಲಿ ಹಾಡು ಮುಗಿದ ತಕ್ಷಣ ತಿರುಗಿಸಿ ಹಾಕ್ತಿದ್ದೆ, ಆಮೇಲೇನಿದೆ ಅಂತ ಕೇಳಿದವನೇ ಅಲ್ಲ. ಚಪ್ಪಾಳೆ ನಿಂತು 'ಟಕ್' ಅಂತೊಂದು ಸದ್ದು. ಅದು ನಾನು 2001ರಲ್ಲಿ ಸ್ಟಾಪ್ ಒತ್ತಿದ್ದು. ಅದರ ಹಿಂದೆಯೇ ಹಾರ್ಮೋನಿಯಂ.

ಅವ್ವ ಮೊಣಕಾಲು ಎಳೆದುಕೊಂಡು ಸ್ಪೀಕರಿನ ಹತ್ತಿರ ಬಂದಳು.

ನಾಲ್ಕೈದು ಗಂಡಸರು ಮಾದಪ್ಪನ ಮೇಲೊಂದು ಪದ ಹಾಡ್ತಿದ್ದಾರೆ. ಯಾರ ದನಿಯೂ ಸಮ ಇಲ್ಲ. ಕೆಳಗೆ ಡೋಲಕ್ಕು. ಅಪ್ಪ ಡೋಲಕ್ ಬಾರಿಸ್ತಿದ್ದರು ಅಂತ ನನಗೆ ಗೊತ್ತಿತ್ತು, ಕೇಳಿರಲಿಲ್ಲ. ಅಂಗೈ ಇಟ್ಟೂ ಇಡದ ಹಾಗೆ, ಹಾಡುವವರು ಉಸಿರು ತಗೊಳ್ಳೋ ಕಡೆ ಮಾತ್ರ ಒಂಚೂರು ಏಳುತ್ತೆ, ಮತ್ತೆ ಅಡಗುತ್ತೆ. ನಾಲ್ಕು ವರ್ಷ ಡ್ರಮ್ಸ್ ಬಾರಿಸಿದ ನಾನು ಹಾಗೆ ಒಂದು ದಿನವೂ ಬಾರಿಸಿಲ್ಲ. ಅವರು ನಮ್ಮ ಕಾಲೇಜು ಫೆಸ್ಟಿಗೆ ಒಂದು ಸಲ ಬಂದಿದ್ದರು. ಮುಗಿದಮೇಲೆ "ಚೆನ್ನಾಗಿತ್ತು ಕಣೋ, ವಸಿ ಜೋರಾಯ್ತು" ಅಂದಿದ್ದರು. ನಾನು ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ.

ಪದ ಮುಗಿಯಿತು. ಯಾರೋ ನಕ್ಕರು. ದೂರದಲ್ಲಿ ಹಾರ್ನು, ಆಗಿನ ಡೀಸೆಲ್ ಎಂಜಿನ್ನಿನದು. ಮೈಕಿಗೆ ತೀರಾ ಹತ್ತಿರದಿಂದ ಅಪ್ಪನ ದನಿ: "ಲೋ, ಆ ಬಾಗ್ಲಾಕ್ರೋ, ರೈಲ್ ಬತ್ತಾ ಅದೆ."

ಯಾರೂ ಬಾಗಿಲು ಹಾಕಲಿಲ್ಲ ಅನಿಸುತ್ತೆ. ರೈಲು ಪೂರಾ ಬಂತು, ಹಳಿ, ಬೋಗಿ ಎಲ್ಲ ಎಣಿಸಬಹುದು. ಅದು ದಾಟುವಷ್ಟರಲ್ಲಿ ಟೇಪು ಮುಗಿದು ಬಟನ್ ಮೇಲೆ ಹಾರಿತು.

ಫೋನಿಗೆ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು ಅಂತ ಆಮೇಲೆ ಹೊಳೆಯಿತು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು "ಆ ಕಡೀಕೆ ತಿರುಗ್ಸು" ಅಂದಳು. ಮೊದಲು ಕ್ಯಾಸೆಟ್ಟಿನ ಎರಡೂ ಹಲ್ಲು ಮುರಿದೆ. ತಿರುಗಿಸಿ ಹಾಕಿ, ಫಾರ್ವರ್ಡ್ ಒತ್ತಲು ಕೈ ಇಟ್ಟೆ.

"ಬುಡು," ಅಂದಳು ಅವ್ವ, ಅವರೆಕಾಯಿ ಮೊರ ಹತ್ತಿರ ಎಳೆದುಕೊಳ್ಳುತ್ತಾ. "ಆ ಹುಡುಗನೂ ಹಾಡ್ಲಿ."